ಓದುಗರ ಪ್ರಶ್ನೆಗೆ ಉತ್ತರ: ಇಂದಿನ ಸ್ತ್ರೀವಾದ ಸಮಾನತೆಯ ದಾರಿಯಲ್ಲೇ ಇದೆಯೇ?

ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಕುರಿತು ಹಿಂದಿನ ಸಂಚಿಕೆಯಲ್ಲಿ ಪ್ರಕಟವಾದ ಉತ್ತರವನ್ನು ಓದಿ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಅನೇಕರು ಪತ್ರ ಬರೆದಿದ್ದಾರೆ. ಕೆಲವರು ಮೆಚ್ಚಿದ್ದಾರೆ, ಹೆಚ್ಚಿನವರು ವಾದಕ್ಕೆ ಕರೆದಿದ್ದಾರೆ. ಗಂಡು ಹೆಣ್ಣು ಸಮಾನರಾಗಬೇಕು ಎಂಬ ಗುರಿಗೆ ಇಂದಿನ ಸ್ತ್ರೀವಾದ ಇನ್ನೂ ನೆರವಾಗುತ್ತಿದೆಯೇ ಎಂಬುದೇ ಬಹುಪಾಲು ಪತ್ರಗಳ ಒಳಗಿನ ಪ್ರಶ್ನೆಯಾಗಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಟ್ಟು ಪತ್ರಗಳ ಸಾರವನ್ನು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಖಾಸಗಿ ಕಾಲೇಜೊಂದರಲ್ಲಿ ಉಪನ್ಯಾಸಕ. ಮತದಾನ, ಶಿಕ್ಷಣ ಮತ್ತು ಉದ್ಯೋಗಕ್ಕಾಗಿ ಹೋರಾಡಿದ ಹಳೆಯ ಸ್ತ್ರೀವಾದದ ಬಗ್ಗೆ ನನಗೆ ಗೌರವವಿದೆ. ಆದರೆ ಅವೆಲ್ಲ ದೊರೆತ ಮೇಲೂ ಬಸ್ಸು ಉಚಿತ, ತಿಂಗಳಿಗೆ ಎರಡು ಸಾವಿರ, ಮೀಸಲಾತಿ, ಕಾನೂನು ಎಲ್ಲವೂ ಹೆಣ್ಣಿನ ಕಡೆಗೇ ಇವೆ. ನನ್ನ ಅತ್ತಿಗೆ ಹೂಡಿದ ವರದಕ್ಷಿಣೆ ಪ್ರಕರಣದಲ್ಲಿ ಅಣ್ಣನ ಜೊತೆಗೆ ನಮ್ಮ ವಯಸ್ಸಾದ ತಾಯಿಯ ಹೆಸರೂ, ಮದುವೆಯಾಗಿ ಸೊಲ್ಲಾಪುರದಲ್ಲಿರುವ ಅಕ್ಕನ ಹೆಸರೂ ಸೇರಿದೆ. ಇಂದಿನ ಸ್ತ್ರೀವಾದಕ್ಕೆ ಬೇಕಾಗಿರುವುದು ಸಮಾನತೆಯಲ್ಲ, ಮೇಲುಗೈ ಎಂದರೆ ತಪ್ಪಾಗುತ್ತದೆಯೇ? – ಓದುಗರು, ಕಲಬುರಗಿ

ಉತ್ತರ: ಮಾನ್ಯರೇ, ನಿಮ್ಮ ತಾಯಿಯವರ ವಿಷಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಪತ್ರದ ನೋವು ಅಲ್ಲಿದೆ. ಗಂಡ ಮತ್ತು ಅವನ ಸಂಬಂಧಿಕರ ಕ್ರೌರ್ಯವನ್ನು ಅಪರಾಧವೆಂದು ಸಾರಿದ 498-ಎ ಕಲಂ ಭಾರತೀಯ ದಂಡ ಸಂಹಿತೆಗೆ ಸೇರಿದ್ದು 1983ರಲ್ಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ವಿಷಯ 85 ಮತ್ತು 86ನೇ ಕಲಂಗಳಲ್ಲಿದೆ. ದೂರು ದಾಖಲಾದ ಮಾತ್ರಕ್ಕೆ ಪೊಲೀಸರು ಯಾಂತ್ರಿಕವಾಗಿ ಬಂಧಿಸಬಾರದು, ಬಂಧನ ಏಕೆ ಅಗತ್ಯವೆಂಬುದಕ್ಕೆ ಲಿಖಿತ ಕಾರಣ ಕೊಡಬೇಕು ಎಂದು ಸುಪ್ರೀಂ ಕೋರ್ಟು 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿತು. ನಿರ್ದಿಷ್ಟ ಆರೋಪಗಳಿಲ್ಲದೆ ಗಂಡನ ಮನೆಯವರೆಲ್ಲರ ಹೆಸರುಗಳನ್ನು ದೂರಿನಲ್ಲಿ ಸೇರಿಸುವ ಪ್ರವೃತ್ತಿಯನ್ನು ಮೊಳಕೆಯಲ್ಲೇ ತಡೆಯಬೇಕೆಂದು ಅದೇ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ತೆಲಂಗಾಣದ ಪ್ರಕರಣವೊಂದರಲ್ಲಿ ಎಚ್ಚರಿಸಿತು. ಆದ್ದರಿಂದ ನಿಮ್ಮ ತಾಯಿ ಮತ್ತು ಅಕ್ಕನವರ ವಿರುದ್ಧ ನಿರ್ದಿಷ್ಟವಾದ ಆರೋಪವೇನೂ ಇಲ್ಲದಿದ್ದರೆ ಅವರ ಮಟ್ಟಿಗೆ ಪ್ರಕರಣವನ್ನು ರದ್ದುಪಡಿಸುವಂತೆ ಹೈಕೋರ್ಟಿನ ಕಲಬುರಗಿ ಪೀಠವನ್ನು ಕೇಳಿಕೊಳ್ಳುವ ದಾರಿ ತೆರೆದಿದೆ. ಒಬ್ಬ ಒಳ್ಳೆಯ ವಕೀಲರನ್ನು ಕೂಡಲೇ ಕಾಣಿರಿ. ಹೀಗೆ ಊರಿಗೆ ಊರೇ ಎಂಬಂತೆ ಎಲ್ಲರ ಹೆಸರನ್ನೂ ಬರೆಸುವುದನ್ನು ಮಹಿಳಾ ಸಂಘಟನೆಗಳೇ ಮುಂದೆ ನಿಂತು ಬೇಡವೆನ್ನಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆರೋಪವನ್ನು ಎಷ್ಟು ಮಂದಿಯ ಮೇಲೆ ಹರಡಿದರೆ ಅಷ್ಟರ ಮಟ್ಟಿಗೆ ಅದು ತೆಳುವಾಗುತ್ತದೆ. ಕೊನೆಗೆ ನಿಜವಾಗಿ ಪೆಟ್ಟು ತಿಂದವಳ ಮಾತನ್ನೂ ನ್ಯಾಯಾಲಯ ಅನುಮಾನದಿಂದ ನೋಡುವಂತಾಗುತ್ತದೆ.

ಇಷ್ಟು ಹೇಳಿದ ಮೇಲೆ, ಅದೇ 2024ರ ತೀರ್ಪಿನಲ್ಲಿ ನೀವು ಓದಿರಲಾರದ ಇನ್ನೊಂದು ಮಾತೂ ಇದೆಯೆಂಬುದನ್ನು ತಿಳಿಸಬೇಕು. ಕ್ರೌರ್ಯಕ್ಕೆ ಒಳಗಾದ ಹೆಣ್ಣು ದೂರು ಕೊಡದೆ ಸುಮ್ಮನಿರಬೇಕೆಂದು ತಾವು ಹೇಳುತ್ತಿಲ್ಲವೆಂದು ನ್ಯಾಯಮೂರ್ತಿಗಳು ಸ್ಪಷ್ಟವಾಗಿಯೇ ಬರೆದಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ, ಮದುವೆಯಾದ ಹೆಣ್ಣುಮಕ್ಕಳಲ್ಲಿ ಶೇಕಡ 44ರಷ್ಟು ಮಂದಿ ಗಂಡನಿಂದ ಒಂದಲ್ಲ ಒಂದು ಬಗೆಯ ಹಿಂಸೆಯನ್ನು ಕಂಡವರು. ಇವರಲ್ಲಿ ಠಾಣೆಗೆ ಹೋಗುವವರು ತೀರ ಕಡಿಮೆ. ನಮ್ಮ ಭಾಗದಲ್ಲಿ ಹೆಣ್ಣುಮಗಳೊಬ್ಬಳು ದೂರು ಕೊಡಬೇಕಾದರೆ ಮೊದಲು ತವರಿನವರ ಒಪ್ಪಿಗೆ ಬೇಕು, ಆಮೇಲೆ ಊರ ಹಿರಿಯರ ಪಂಚಾಯಿತಿಯನ್ನು ದಾಟಬೇಕು, ದೂರು ಕೊಟ್ಟ ಮೇಲೆ ಮಕ್ಕಳೊಂದಿಗೆ ಎಲ್ಲಿರಬೇಕೆಂಬುದು ತಿಳಿದಿರಬೇಕು. ಕಾನೂನು ಕೊಟ್ಟ ಹಕ್ಕನ್ನು ಕೇಳುವುದಕ್ಕೆ ತೆರಬೇಕಾದ ಬೆಲೆ ಇದು. ಇಂದಿನ ಸ್ತ್ರೀವಾದ ಸಮಾನತೆಗೆ ನೆರವಾಗುತ್ತಿದೆಯೇ ಎಂದು ಯಾರಾದರೂ ಕೇಳಿದರೆ ನಾನು ಈ ಬೆಲೆಯನ್ನೇ ಮುಂದಿಟ್ಟುಕೊಂಡು ನೋಡುತ್ತೇನೆ. ಅದನ್ನು ಇಳಿಸುವ ಕೆಲಸ ಎಲ್ಲಿ ನಡೆದಿದೆಯೋ ಅಲ್ಲಿ ನೆರವಾಗುತ್ತಿದೆ, ಎಲ್ಲಿ ಆ ಬೆಲೆಯ ಅರಿವೇ ಇಲ್ಲವೋ ಅಲ್ಲಿ ಆಗುತ್ತಿಲ್ಲ.

ಹಳೆಯ ಬೇಡಿಕೆಗಳೆಲ್ಲ ಈಡೇರಿವೆ ಎಂಬ ನಿಮ್ಮ ಮಾತನ್ನು ಇದೇ ದೃಷ್ಟಿಯಿಂದ ಪರಿಶೀಲಿಸೋಣ. ಬ್ರಿಟನ್ನಿನಲ್ಲಿ 1918ರಲ್ಲಿ ಮೂವತ್ತು ವರ್ಷ ತುಂಬಿದ, ಆಸ್ತಿಯ ಅರ್ಹತೆಯುಳ್ಳ ಹೆಂಗಸರಿಗೆ ಮಾತ್ರ ಮತ ಸಿಕ್ಕಿತ್ತು, ಗಂಡಸರ ಸಮಾನವಾಗಿ ಸಿಗಲು 1928 ಬರಬೇಕಾಯಿತು. ನಮ್ಮ ಸಂವಿಧಾನ ಅದನ್ನು ಒಂದೇ ಏಟಿಗೆ ಎಲ್ಲರಿಗೂ ಕೊಟ್ಟಿತು, ಅದು ನಾವು ಹೆಮ್ಮೆಪಡಬೇಕಾದ ಸಂಗತಿಯೇ. ಆದರೆ 1951–52ರ ಮೊದಲ ಮಹಾಚುನಾವಣೆಗೆ ಪಟ್ಟಿ ತಯಾರಿಸುವಾಗ ಉತ್ತರ ಮತ್ತು ಮಧ್ಯ ಭಾರತದ ಪ್ರಾಂತಗಳಲ್ಲಿ ಲಕ್ಷಾಂತರ ಹೆಂಗಸರು ತಮ್ಮ ಹೆಸರನ್ನು ಹೇಳಲು ಒಪ್ಪದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಸ್ವಂತ ಹೆಸರಿಲ್ಲದ ಆ ಸುಮಾರು 28 ಲಕ್ಷ ನಮೂದುಗಳನ್ನು ಚುನಾವಣಾ ಆಯೋಗ ಪಟ್ಟಿಯಿಂದ ತೆಗೆಯಬೇಕಾಯಿತು. ಹಕ್ಕು ಇತ್ತು, ಅಪರಿಚಿತನ ಮುಂದೆ ತನ್ನ ಹೆಸರು ಹೇಳುವ ಸ್ವಾತಂತ್ರ್ಯ ಮನೆಯಲ್ಲಿ ಇರಲಿಲ್ಲ. ಶಿಕ್ಷಣದ ಬೇಡಿಕೆ ಈಡೇರಿತೆಂದು ಬರೆದಿದ್ದೀರಿ. 2011ರ ಜನಗಣತಿಯಲ್ಲಿ ನಮ್ಮ ನೆರೆಯ ಯಾದಗಿರಿ ಜಿಲ್ಲೆಯ ಗಂಡಸರ ಸಾಕ್ಷರತೆ ಶೇಕಡ 62ರಷ್ಟಿದ್ದರೆ ಹೆಂಗಸರದು 41ರ ಸುಮಾರಿನಲ್ಲಿತ್ತು. ನಿಮ್ಮ ತರಗತಿಯಲ್ಲಿ ಹುಡುಗಿಯರು ಅರ್ಧಕ್ಕಿಂತ ಹೆಚ್ಚಿರಬಹುದು, ಆದರೆ ಆ ತರಗತಿಯವರೆಗೆ ಬಾರದೆ ಅಕ್ಕಪಕ್ಕದ ತಾಂಡಾಗಳಿಂದ ತಂದೆತಾಯಿಯ ಜೊತೆಗೆ ಪುಣೆಗೋ ಮುಂಬೈಗೋ ಗುಳೆ ಹೋದ ಹುಡುಗಿಯರು ನಿಮ್ಮ ಹಾಜರಿ ಪುಸ್ತಕದಲ್ಲಿ ಕಾಣುವುದಿಲ್ಲ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯನ್ನು ನೀವು ಮೇಲುಗೈ ಎಂದು ಎಣಿಸಿದ್ದೀರಿ. ಟಿಕೆಟಿಗೆ ದುಡ್ಡು ಹೊಂದಿಸಲಾಗದ ಬಡ ಹುಡುಗನಿಗೆ ಪಕ್ಕದ ಸೀಟಿನಲ್ಲಿ ಕುಳಿತ ಉಳ್ಳವರ ಮನೆಯ ಹೆಂಗಸಿನ ಉಚಿತ ಪ್ರಯಾಣ ಅನ್ಯಾಯವೆಂದು ತೋರಿದರೆ ಅದು ಕೇಳಬೇಕಾದ ಮಾತೇ. ಬಡತನವನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದು ಅವನು ಒತ್ತಾಯಿಸಲಿ, ನಾನೂ ದನಿಗೂಡಿಸುತ್ತೇನೆ. ಆದರೆ ಜೇವರ್ಗಿ ಮತ್ತು ಅಫಜಲಪುರದ ಹಳ್ಳಿಗಳ ಹೆಣ್ಣುಮಕ್ಕಳು ಗಂಡನ ಕೈಯಿಂದ ಬಸ್ಸಿನ ದುಡ್ಡು ಕೇಳದೆ ಕಲಬುರಗಿಯ ಜಿಲ್ಲಾ ಆಸ್ಪತ್ರೆಗೆ ಬರುವಂತಾದದ್ದು ಯಾವ ಗಂಡಸಿನ ಪಾಲನ್ನೂ ಕಸಿದುಕೊಂಡ ಹಾಗಲ್ಲ. ದುಡ್ಡು ಕೇಳುವಾಗ ಕೊಡಬೇಕಾಗಿದ್ದ ವಿವರಣೆಯೊಂದು ತಪ್ಪಿತು, ಅಷ್ಟೇ.

ನೀವು ಬರೆಯದೆ ಬಿಟ್ಟ ಒಂದು ದುಃಖವನ್ನು ನಾನೇ ಎತ್ತುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಂತೆ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ಸುಮಾರು 1 ಲಕ್ಷ 71 ಸಾವಿರ ಜನರಲ್ಲಿ ಶೇಕಡ 72ರಷ್ಟು ಗಂಡಸರು. ತೊಗರಿ ಒಣಗಿ, ಸಾಲ ಬೆಳೆದು, ಮಗಳ ಮದುವೆಗೆ ಮಾತು ಕೊಟ್ಟು ಕುಳಿತ ರೈತರ ಮನೆಗಳನ್ನು ನಮ್ಮ ಜಿಲ್ಲೆಗಳಲ್ಲಿ ಕಾಣದವರಿಲ್ಲ. ದುಡಿದು ತರುವವನು ಗಂಡಸೊಬ್ಬನೇ, ಸೋತರೆ ಮರ್ಯಾದೆ ಹೋಗುವುದು ಅವನದೇ, ಅಳಬಾರದವನೂ ಅವನೇ ಎಂಬ ಕಟ್ಟಳೆಯನ್ನು ಮಾಡಿದ್ದು ಸ್ತ್ರೀವಾದವಲ್ಲ, ಹೆಣ್ಣನ್ನು ಮನೆಯೊಳಗೆ ಕೂರಿಸಿದ ವ್ಯವಸ್ಥೆಯೇ. ಇಂದಿನ ಸ್ತ್ರೀವಾದಿಗಳಲ್ಲಿ ಕೆಲವರು ಗಂಡಸರ ಈ ಸಂಕಟವನ್ನು ಹಗುರವಾಗಿ ಕಾಣುತ್ತಾರೆ ಎಂಬುದು ನಿಜ, ಅದು ಅವರ ವಾದಕ್ಕೇ ನಷ್ಟ. ಹೆಂಡತಿಯ ಹೆಸರಿಗೂ ಒಂದಿಷ್ಟು ಭೂಮಿಯಿದ್ದು ಅವಳಿಗೂ ಬ್ಯಾಂಕಿನ ವ್ಯವಹಾರ ಗೊತ್ತಿರುವ ಮನೆಯಲ್ಲಿ ಸಾಲದ ಮಾತನ್ನು ರಾತ್ರಿಯಲ್ಲಿ ಒಬ್ಬನೇ ನುಂಗಿಕೊಂಡು ಕೂರುವ ಅಗತ್ಯ ಗಂಡಸಿಗೆ ಬರುವುದಿಲ್ಲ.

ಪ್ರಶ್ನೆ: ನಮ್ಮದು ಶರಣರ ನಾಡು. ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲೇ ಹೆಣ್ಣಿಗೆ ಸಮಾನ ಸ್ಥಾನವಿತ್ತು. ಮನೆಗಳನ್ನು ಒಡೆಯುವ ಪಾಶ್ಚಾತ್ಯ ಸ್ತ್ರೀವಾದ ನಮಗೇಕೆ? – ಹಿರಿಯ ಓದುಗರು, ಸೇಡಂ

ಉತ್ತರ: ಹಿರಿಯರೇ, ಅಕ್ಕಮಹಾದೇವಿ, ಸತ್ಯಕ್ಕ, ಗೊಗ್ಗವ್ವೆಯರನ್ನು ನೆನೆದರೆ ನಿಮ್ಮಷ್ಟೇ ನನ್ನ ತಲೆಯೂ ಎತ್ತರವಾಗುತ್ತದೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ತಡೆದು, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ತಿರುಗಿ ಕಳಿಸಿದ ಆಯ್ದಕ್ಕಿ ಲಕ್ಕಮ್ಮ ಕಾಯಕದ ಮನೆಯ ಹೆಣ್ಣುಮಗಳು. ಆದರೆ ಆ ಪರಂಪರೆಯನ್ನು ಹೊಗಳುವ ಅದೇ ಊರುಗಳಲ್ಲಿ ಆಮೇಲಿನ ಎಂಟು ಶತಮಾನಗಳ ಕಾಲ ಹೆಣ್ಣಿಗೆ ಆಸ್ತಿಯಿರಲಿಲ್ಲ, ಅಕ್ಷರವಿರಲಿಲ್ಲ. ದೇವದಾಸಿ ಪದ್ಧತಿಯಲ್ಲಿ ಬಡ ದಲಿತರ ಹೆಣ್ಣುಮಕ್ಕಳನ್ನು ಬಿಡುವುದನ್ನು ನಿಲ್ಲಿಸಲು ಕರ್ನಾಟಕ 1982ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಪಶ್ಚಿಮದಿಂದ ಬಂದದ್ದು ಎಂಬ ಆಕ್ಷೇಪಕ್ಕೂ ಆಧಾರ ಕಡಿಮೆ. ಹಿಂದೂ ಹೆಣ್ಣುಮಕ್ಕಳಿಗೆ ಆಸ್ತಿ ಮತ್ತು ವಿಚ್ಛೇದನದ ಹಕ್ಕು ಕೊಡುವ ಹಿಂದೂ ಸಂಹಿತೆ ಮಸೂದೆಯನ್ನು ಸಂಸತ್ತಿನಲ್ಲಿ ಮುಂದಿಟ್ಟು ವಾದಿಸಿದವರು ಬಾಬಾಸಾಹೇಬ್ ಅಂಬೇಡ್ಕರರು. ಅದನ್ನು ಕೈಬಿಟ್ಟದ್ದನ್ನೂ ಒಂದು ಕಾರಣವಾಗಿ ಹೇಳಿ ಅವರು 1951ರಲ್ಲಿ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಇನ್ನು ಮನೆ ಒಡೆಯುವ ಮಾತು. ಒಬ್ಬಳು ಬಾಯಿ ತೆರೆದ ಕೂಡಲೇ ಒಡೆಯುವ ಮನೆ ಅಲ್ಲಿಯವರೆಗೆ ನಿಂತಿದ್ದದ್ದು ಅವಳೊಬ್ಬಳ ಸಹನೆಯ ಮೇಲೆ ಎಂದಾಗುತ್ತದೆ. ಆ ಭಾರವನ್ನು ಉಳಿದವರೂ ಹೊರಬೇಕೆಂಬುದು ಅನ್ಯಾಯದ ಬೇಡಿಕೆಯೇ ಎಂದು ನೀವೇ ಯೋಚಿಸಿರಿ.

ಪ್ರಶ್ನೆ: ನಾನೂ ನನ್ನ ಗಂಡನೂ ಶಿಕ್ಷಕರು. ಸಂಬಳ ಇಬ್ಬರಿಗೂ ಸಮಾನ. ಮನೆಗೆ ಬಂದ ಮೇಲೆ ಅವರು ಪೇಪರ್ ಹಿಡಿಯುತ್ತಾರೆ, ನಾನು ಒಲೆಯ ಮುಂದೆ ನಿಲ್ಲುತ್ತೇನೆ. ಈ ಮಾತನ್ನು ಎತ್ತಿದರೆ ನಮ್ಮ ಅತ್ತೆಯವರು ‘ನೌಕರಿ ಬಂತಂತ ಹೆಣ್ತನ ಬಿಡ್ತಾರೇನವ್ವಾ’ ಎನ್ನುತ್ತಾರೆ. ಸ್ತ್ರೀವಾದವನ್ನು ಅನುಸರಿಸಿದ್ದರಿಂದ ನನಗೆ ದುಪ್ಪಟ್ಟು ದುಡಿಮೆಯಲ್ಲದೆ ಇನ್ನೇನು ಸಿಕ್ಕಿತು ಎಂದು ಒಮ್ಮೊಮ್ಮೆ ಅನಿಸುತ್ತದೆ. – ಓದುಗರು, ಭಾಲ್ಕಿ

ಉತ್ತರ: ತಂಗೀ, ನಿಮ್ಮ ಪ್ರಶ್ನೆ ಇಂದಿನ ಸ್ತ್ರೀವಾದದ ಮೇಲಿನ ಎಲ್ಲ ಟೀಕೆಗಳಲ್ಲಿ ಅತ್ಯಂತ ನ್ಯಾಯವಾದದ್ದು ಎಂದು ನನಗೆ ತೋರುತ್ತದೆ. ಹೊರಗೆ ದುಡಿಯಲು ಹೆಣ್ಣಿಗೆ ಬಾಗಿಲು ತೆರೆಯಿತು, ಒಳಗಿನ ದುಡಿಮೆಗೆ ಗಂಡಸನ್ನು ಕರೆಯುವ ಕೆಲಸ ಅರ್ಧಕ್ಕೇ ನಿಂತಿತು. ಕೇಂದ್ರ ಸರ್ಕಾರ ನಡೆಸಿದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ, ಗಂಡಸರು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಹೆಂಗಸರ ಪಾಲು 299 ನಿಮಿಷವಿತ್ತು, ಗಂಡಸರದು 97. ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು, ಆದರೆ ಆ ಹತ್ತು ನಿಮಿಷವನ್ನು ಗಂಡಸರು ಎತ್ತಿಕೊಂಡರೆಂದು ಭಾವಿಸಬೇಡಿ, ಅವರದೂ ಒಂಬತ್ತು ನಿಮಿಷ ಇಳಿದಿದೆ. ಇದರಲ್ಲಿಯೂ ಮನೆಗೆಲಸಕ್ಕೆ ಕೈ ಹಚ್ಚುವ ಗಂಡಸರ ಸರಾಸರಿಯಷ್ಟೇ ಬಂದಿದೆ, ಹಚ್ಚದೇ ಇರುವವರು ಲೆಕ್ಕದ ಹೊರಗಿದ್ದಾರೆ.

ಇದು ನಿಮ್ಮ ಯಜಮಾನರೊಬ್ಬರ ಸ್ವಭಾವದ ಮಾತಲ್ಲ ಎಂಬುದಕ್ಕೆ ನಮ್ಮ ಕಾನೂನನ್ನೇ ನೋಡಬಹುದು. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಕ್ಕೆ ಏರಿತು, ಅದು ದೊಡ್ಡ ಗೆಲುವು. ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ ಸಿಗುವ ರಜೆ 15 ದಿನ, ಖಾಸಗಿ ಕ್ಷೇತ್ರದ ತಂದೆಗೆ ಕಾನೂನಿನ ಬಲವಿರುವ ಯಾವ ರಜೆಯೂ ಇಲ್ಲ. ಮಗು ತಾಯಿಯ ಹೊಣೆಯೆಂದು ಸರ್ಕಾರವೇ ಬರೆದುಕೊಟ್ಟ ಹಾಗಾಯಿತು. ಹೆಣ್ಣಾಳನ್ನು ಕೆಲಸಕ್ಕೆ ತೆಗೆದುಕೊಂಡರೆ ಆರು ತಿಂಗಳ ಖರ್ಚು ತನ್ನ ತಲೆಗೆ ಬರುತ್ತದೆಂದು ಲೆಕ್ಕ ಹಾಕುವ ಮಾಲೀಕ ಅವಳ ಅರ್ಜಿಯನ್ನು ಬದಿಗಿಡುತ್ತಾನೆ. ಅಂದರೆ ಹೆಣ್ಣಿಗೆಂದು ಮಾಡಿದ ಅನುಕೂಲ ಹೆಣ್ಣಿಗೇ ತೊಡಕಾಗುತ್ತದೆ. ತಂದೆಯ ರಜೆಯನ್ನೂ ಅಷ್ಟೇ ಜೋರಾಗಿ ಕೇಳುವ ಸ್ತ್ರೀವಾದ ನಮಗೆ ಬೇಕು. ಐಸ್‌ಲ್ಯಾಂಡ್ ಎಂಬ ಪುಟ್ಟ ದೇಶದಲ್ಲಿ 1975ರ ಅಕ್ಟೋಬರ್ 24ರಂದು ಹೆಂಗಸರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿ ಕಚೇರಿಯ ಕೆಲಸವನ್ನೂ ಮನೆಗೆಲಸವನ್ನೂ ಒಟ್ಟಿಗೆ ಬಿಟ್ಟು ಬೀದಿಗೆ ಬಂದರು. ಆ ದೇಶ ಮುಂದೆ ತಂದೆಗೆ ಮಾತ್ರ ಸಲ್ಲುವ, ತಾಯಿಗೆ ವರ್ಗಾಯಿಸಲಾಗದ ರಜೆಯನ್ನು ಕಾನೂನಿನಲ್ಲಿ ಬರೆಯಿತು. ತಂದೆ ಅದನ್ನು ಬಳಸದಿದ್ದರೆ ಕುಟುಂಬಕ್ಕೇ ನಷ್ಟವಾದ್ದರಿಂದ ಗಂಡಸರು ಬಳಸಲು ಆರಂಭಿಸಿದರು. ಉಪದೇಶದಿಂದ ಆಗದ ಬದಲಾವಣೆ ನಿಯಮದಿಂದ ಆಯಿತು.

ನಿಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ, ಸಹಾಯ ಮಾಡಿರಿ ಎಂದು ಯಜಮಾನರನ್ನು ಕೇಳಬೇಡಿ. ಸಹಾಯವೆಂದರೆ ಕೆಲಸ ನಿಮ್ಮದೇ ಎಂದು ಒಪ್ಪಿಕೊಂಡ ಹಾಗೆ. ಸಂಜೆಯ ಅಡುಗೆಯನ್ನೋ ಮಕ್ಕಳ ಪಾಠವನ್ನೋ ಪೂರ್ತಿಯಾಗಿ ಅವರಿಗೆ ಒಪ್ಪಿಸಿರಿ ಮತ್ತು ರೊಟ್ಟಿ ದಪ್ಪವಾದರೂ ನಡುವೆ ಕೈ ಹಾಕಬೇಡಿ. ಅತ್ತೆಯವರ ಮಾತಿಗೆ ಸಿಟ್ಟಾಗಬೇಡಿ. ಜೀವಮಾನವೆಲ್ಲ ಒಲೆಯ ಮುಂದೆ ಕಳೆದ ಹಿರಿಯ ಜೀವಕ್ಕೆ, ಆ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು ಎಂಬ ಮಾತು ತನ್ನ ಬದುಕನ್ನೇ ಕಡೆಗಣಿಸಿದಂತೆ ಕೇಳಿಸುತ್ತದೆ. ಮಗನಿಗೆ ಅಡುಗೆ ಕಲಿಸುವ ಹೊಣೆಯನ್ನು ಅವರಿಗೇ ಕೊಟ್ಟು ನೋಡಿರಿ.

ಪ್ರಶ್ನೆ: ನಮ್ಮ ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಹಿರಿಯರಿಂದ ಬಂದ, ಇನ್ನೂ ಪಾಲಾಗದ ಹೊಲವನ್ನು ಅಣ್ಣಂದಿರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ನನ್ನನ್ನೂ ನನ್ನ ತಂಗಿಯನ್ನೂ ಕರೆದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿರೆನ್ನುತ್ತಿದ್ದಾರೆ. ನಾನು ದಿನವೂ ಮಂದಿಯ ಹೊಲಕ್ಕೆ ಕೂಲಿಗೆ ಹೋಗುವವಳು. ಪಾಲು ಕೇಳಬೇಕೆಂದು ಮನಸ್ಸಿದೆ. ಆದರೆ ‘ಅಣ್ಣನ ಮ್ಯಾಲ ಕೇಸ್ ಹಾಕಿದ್ರ ಪಂಚಮಿಗೆ ಯಾರ ಮನಿಗೆ ಹೋಗ್ತಿ’ ಎಂದು ಎಲ್ಲರೂ ಹೆದರಿಸುತ್ತಾರೆ. ಟಿವಿಯಲ್ಲಿ ಮಾತನಾಡುವ ಹೆಣ್ಣುಮಕ್ಕಳಿಗೆ ನಮ್ಮಂಥವರ ಸುದ್ದಿ ಗೊತ್ತಿದೆಯೇ? – ಓದುಗರು, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಉತ್ತರ: ಅಕ್ಕಾ, ಕಾನೂನು ಪೂರ್ತಿಯಾಗಿ ನಿಮ್ಮ ಕಡೆಗಿದೆ. ಕರ್ನಾಟಕವು 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಾನ ಹಕ್ಕು ಕೊಟ್ಟಿತು, ಆದರೆ ಆ ಕಾಯ್ದೆ ಜಾರಿಯಾಗುವ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯಾದವರು, ಆಗದವರು ಎಂಬ ಭೇದವನ್ನು ತೆಗೆದುಹಾಕಿತು. ಈ ಹಕ್ಕು ಮಗಳಿಗೆ ಹುಟ್ಟಿನಿಂದಲೇ ಬರುತ್ತದೆ, ಆ ದಿನ ತಂದೆ ಬದುಕಿರಬೇಕೆಂಬ ನಿಯಮವೇನೂ ಇಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ಪತ್ರದ ಮೂಲಕವೋ ನ್ಯಾಯಾಲಯದ ಆದೇಶದ ಮೂಲಕವೋ ಪಾಲಾಗಿದ್ದರೆ ಮಾತ್ರ ಅದನ್ನು ಮತ್ತೆ ತೆರೆಯಲಾಗದು. ನಿಮ್ಮ ಮನೆಯಲ್ಲಿ ಅಂಥ ಪಾಲಾಗಿಲ್ಲವೆಂದು ಬರೆದಿದ್ದೀರಿ. ಮುಸ್ಲಿಂ ಕುಟುಂಬಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಅವರ ನಿಯಮಗಳನ್ನು ಬೇರೆ ಸಂಚಿಕೆಯಲ್ಲಿ ನೋಡೋಣ.

ಆದರೆ ನೀವು ಕೇಳಿದ್ದು ಕಾನೂನನ್ನಲ್ಲ, ಪಂಚಮಿಯನ್ನು. ಜೋಕಾಲಿ ಕಟ್ಟಿ, ಉಂಡಿ ಕಟ್ಟಿ, ಅಣ್ಣ ಕರೆಯಲು ಬರುತ್ತಾನೆಂದು ದಾರಿ ಕಾಯುವ ಹಬ್ಬ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಎಷ್ಟು ದೊಡ್ಡದೆಂಬುದು ನನಗೂ ಗೊತ್ತಿದೆ. ಗಂಡನ ಮನೆಯಲ್ಲಿ ಕಷ್ಟ ಬಂದರೆ ಓಡಿ ಹೋಗಲು ಇರುವುದು ಆ ಒಂದು ಬಾಗಿಲು. ಅದು ಮುಚ್ಚೀತೆಂಬ ಭಯದಿಂದಲೇ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅಕ್ಕತಂಗಿಯರು ಒಂದು ಸೀರೆ ಮತ್ತು ಅರಿಸಿನ ಕುಂಕುಮಕ್ಕೆ ಎಕರೆಗಟ್ಟಲೆ ಹೊಲವನ್ನು ಬಿಟ್ಟುಕೊಡುತ್ತಾರೆ. ಪ್ರೀತಿಯಿಂದ ಬಿಟ್ಟುಕೊಟ್ಟರೆ ಅದು ಅವರ ಇಷ್ಟ, ಯಾರೂ ಆಕ್ಷೇಪಿಸಬಾರದು. ಆದರೆ ಬಿಡದಿದ್ದರೆ ತವರು ತಪ್ಪುತ್ತದೆಂಬ ಹೆದರಿಕೆಯಿಂದ ಬಿಟ್ಟರೆ ಅದನ್ನು ಇಷ್ಟವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಟಿವಿಯ ಮಾತಿಗೆ ಬರುತ್ತೇನೆ. ನಿಮ್ಮ ದೂರು ನಿಜ, ಮತ್ತು ಸ್ತ್ರೀವಾದವನ್ನು ನಂಬಿದ ನಾವೆಲ್ಲರೂ ಅದನ್ನು ತಲೆಬಾಗಿ ಕೇಳಬೇಕು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳವನ್ನು ತಡೆಯಲು ಸುಪ್ರೀಂ ಕೋರ್ಟು 1997ರಲ್ಲಿ ಕೊಟ್ಟ ವಿಶಾಖಾ ತೀರ್ಪಿನ ಹಿಂದೆ ಇದ್ದವರು ಯಾವ ದೊಡ್ಡ ಕಂಪನಿಯ ಅಧಿಕಾರಿಯೂ ಅಲ್ಲ, ರಾಜಸ್ಥಾನದ ಹಳ್ಳಿಯೊಂದರಲ್ಲಿ ಬಾಲ್ಯವಿವಾಹವನ್ನು ತಡೆಯಲು ಹೋಗಿ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದ ಭಂವರಿ ದೇವಿ. ಆ ತೀರ್ಪಿನಿಂದ 2013ರ ಕಾಯ್ದೆ ಹುಟ್ಟಿತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಚೇರಿಗಳಲ್ಲಿ ಆಂತರಿಕ ಸಮಿತಿಗಳು ಬಂದವು. 2018ರಲ್ಲಿ ನಗರಗಳ ಹೆಣ್ಣುಮಕ್ಕಳು ತಮಗಾದ ಕಿರುಕುಳವನ್ನು ಬಹಿರಂಗವಾಗಿ ಹೇಳಿಕೊಂಡಾಗ ಅದು ದೇಶದ ದೊಡ್ಡ ಸುದ್ದಿಯಾಯಿತು, ಆಗಲೇಬೇಕಿತ್ತು. ಆದರೆ ಅದೇ ಕಾಯ್ದೆಯಲ್ಲಿ ಹೊಲದ ಕೂಲಿ, ಮನೆಗೆಲಸ, ಕಟ್ಟಡದ ಕೆಲಸದಲ್ಲಿರುವವರು ದೂರು ಕೊಡಲೆಂದು ಪ್ರತಿ ಜಿಲ್ಲೆಗೂ ಒಂದು ಸ್ಥಳೀಯ ಸಮಿತಿ ಇರಬೇಕೆಂದಿದೆ. ನಿಮ್ಮ ಜೊತೆಗೆ ತೊಗರಿ ಹೊಲದಲ್ಲಿ ಕಳೆ ತೆಗೆಯುವವರಲ್ಲಿ ಅದರ ಹೆಸರು ಕೇಳಿದವರು ಯಾರಾದರೂ ಇದ್ದಾರೆಯೇ? ಹಳ್ಳಿಯ ಹೆಣ್ಣೊಬ್ಬಳ ಸಂಕಟದಿಂದ ಬಂದ ಹಕ್ಕು ಮೊದಲು ಮುಟ್ಟಿದ್ದು ಕಚೇರಿಯವರನ್ನು, ಹಳ್ಳಿಗೆ ಅದಿನ್ನೂ ಬರಬೇಕಾಗಿದೆ. ಕೂಲಿಯ ಕಥೆಯೂ ಹಾಗೆಯೇ. ಸಮಾನ ಕೆಲಸಕ್ಕೆ ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ, ಉದ್ಯೋಗ ಖಾತರಿಯ ಕಾಮಗಾರಿಗಳಲ್ಲಿ ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿ ಸಿಕ್ಕಿತು, ಆದರೆ ಖಾಸಗಿ ಹೊಲದಲ್ಲಿ ಹೆಣ್ಣಾಳಿನ ಕೂಲಿ ಇಂದಿಗೂ ಕಡಿಮೆ. ದೊಡ್ಡ ಕಂಪನಿಗಳ ಆಡಳಿತ ಮಂಡಳಿಯಲ್ಲಿ ಹೆಣ್ಣುಮಕ್ಕಳೆಷ್ಟಿದ್ದಾರೆಂದು ಲೆಕ್ಕ ಹಾಕುವವರು ಪಹಣಿಯಲ್ಲಿ ಎಷ್ಟಿದ್ದಾರೆಂದೂ ಕೇಳಬೇಕು, ಆ ಪ್ರಶ್ನೆಯನ್ನು ಸಂಬಂಧಪಟ್ಟವರಿಗೆ ಕೇಳಿಸುವಂತೆ ಕೇಳಬೇಕು.

ಈಗ ನೀವು ಮಾಡಬೇಕಾದ್ದನ್ನು ಬರೆಯುತ್ತೇನೆ. ಬಿಡುಗಡೆ ಪತ್ರಕ್ಕೆ ಅವಸರದಲ್ಲಿ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಡಿ, ಏಕೆಂದರೆ ಒಮ್ಮೆ ನೋಂದಣಿಯಾದ ಪತ್ರವನ್ನು ಮೋಸದಿಂದಲೋ ಒತ್ತಾಯದಿಂದಲೋ ಬರೆಸಿಕೊಂಡರೆಂದು ನ್ಯಾಯಾಲಯದಲ್ಲಿ ಸಾಬೀತು ಮಾಡುವುದು ಬಹಳ ಕಷ್ಟ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ, ಕೊಡುವ ವಂಶಾವಳಿಯಲ್ಲಿ ನಿಮ್ಮ, ತಂಗಿಯ ಮತ್ತು ತಾಯಿಯ ಹೆಸರುಗಳಿವೆಯೇ ಎಂದು ನಾಡಕಚೇರಿಯಲ್ಲಿ ವಿಚಾರಿಸಿರಿ. ನಮ್ಮ ಕಡೆ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ವಂಶಾವಳಿ ಮಾಡಿಸುವ ಕೆಟ್ಟ ರೂಢಿ ಇದೆ. ಹೆಸರು ಬಿಟ್ಟಿದ್ದರೆ ತಹಶೀಲ್ದಾರರಿಗೆ ಲಿಖಿತವಾಗಿ ತಕರಾರು ಕೊಟ್ಟು ಅದರ ಸ್ವೀಕೃತಿಯನ್ನು ಇಟ್ಟುಕೊಳ್ಳಿರಿ. ವಕೀಲರ ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಯಾವ ಹೆಣ್ಣುಮಗಳಿಗಾದರೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಕೊಡಬೇಕು. ಶಹಾಪುರದ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು, 15100 ಸಂಖ್ಯೆಗೆ ಕರೆಯನ್ನೂ ಮಾಡಬಹುದು.

ದಾವೆ ಹೂಡುವ ಮೊದಲು ಅಲ್ಲಿಯೇ ರಾಜಿ ಸಂಧಾನಕ್ಕೆ ಅಣ್ಣಂದಿರನ್ನು ಕರೆಸಲು ಕೇಳಿಕೊಳ್ಳಿರಿ. ಊರ ಪಂಚಾಯಿತಿಯಲ್ಲಿ ಹಿರಿಯ ಗಂಡಸರ ನಡುವೆ ನೀವು ಒಬ್ಬರೇ ನಿಲ್ಲಬೇಕಾಗುತ್ತದೆ, ಸಮಿತಿಯ ಸಂಧಾನದಲ್ಲಾದರೆ ನಿಮ್ಮ ಪಕ್ಕದಲ್ಲಿ ಕಾನೂನು ಬಲ್ಲ ಇನ್ನೊಬ್ಬರಿರುತ್ತಾರೆ. ಪೂರ್ತಿ ಪಾಲಿಗೆ ಪಟ್ಟು ಹಿಡಿಯಬೇಕೋ, ಒಂದೆರಡು ಎಕರೆಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಂಡು ಉಳಿದದ್ದನ್ನು ಬಿಡಬೇಕೋ ಎಂಬುದನ್ನು ನೀವೂ ನಿಮ್ಮ ತಂಗಿಯೂ ಕೂಡಿ ತೀರ್ಮಾನಿಸಿರಿ. ಎರಡರಲ್ಲಿ ಯಾವುದನ್ನು ಆರಿಸಿದರೂ ನನ್ನ ಬೆಂಬಲವಿದೆ. ತಂಗಿಯನ್ನು ಬಿಟ್ಟು ಒಬ್ಬರೇ ಹೋಗಬೇಡಿ, ಇಬ್ಬರೂ ಒಟ್ಟಿಗೆ ಕೇಳಿದಾಗ ಅಣ್ಣಂದಿರಿಗೆ ಒಬ್ಬಳನ್ನು ಒಳ್ಳೆಯವಳು, ಇನ್ನೊಬ್ಬಳನ್ನು ಕೆಟ್ಟವಳು ಮಾಡಲು ಬರುವುದಿಲ್ಲ. ನಿಮ್ಮ ತಾಯಿಗೂ ಆ ಹೊಲದಲ್ಲಿ ಪಾಲಿದೆ ಎಂಬುದನ್ನು ಯಾರೂ ಅವರಿಗೆ ಹೇಳಿರಲಾರರು, ಮೊದಲು ಅವರಿಗೆ ಹೇಳಿರಿ.